ಗದ್ದೆಬಯಲಿನಲ್ಲಿ ಬೆಲ್ಲ ಕಾಯಿಸಿದ ವರ್ಷ

ಕಳೆದ ಭಾನುವಾರ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅದೇ ಒಂದು ಭಾಗ್ಯ. ಕೆ.ಎಂ. ದೊಡ್ಡಿ ದಾಟಿ ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಬಿಸಿ ಬೆಲ್ಲದ ವಾಸನೆ ಗಮ್ಮೆಂದು ಬಸ್ಸಿನೊಳಕ್ಕೆ ನುಗ್ಗಿತು. ನಾನು ಕೂತಲ್ಲಿಂದ ಎದ್ದು ನಿಂತುಬಿಟ್ಟೆ.

"ಯಾಕವ್ವ, ಇಳೀಬೇಕಾ?" ಎಂದರು ಪಕ್ಕದಲ್ಲಿದ್ದ ಹೆಂಗಸು.

"ಇಲ್ಲ, ಬೆಲ್ಲದ ವಾಸ್ನೆ ಬಂತು..."

"ಆಲೆಮನೆ ಕಣಮ್ಮ. ಬೆಲ್ಲ ಕಾಯ್ಸೋದು ಕಂಡಿಲ್ವಾ? ಯಾವೂರು ನಿಂದು?" ಎಂದು ಮೇಲಿಂದ ಕೆಳಗೆ ನೋಡಿದರು. ಮದ್ದೂರಿನವಳು ಎನ್ನಲು ನಾಚಿಕೆಯಾಗಿ ಸುಮ್ಮನೆ ನಕ್ಕೆ.

ಬೆಲ್ಲ ಕಾಯಿಸುವುದು ಕಂಡಿಲ್ಲವಂತೆ! ಮೂರು ವರ್ಷದ ಹಿಂದೆ ಒಂದು ಇಡೀ ಸುಗ್ಗಿ ನಾನು ಮಾಡಿದ್ದೇ ಅದು. ನಾವು ನಾಲ್ಕು ಜನ ಸೇರಿ ಒಂದು ಆಲೆಮನೆ ಕಟ್ಟಿದೆವು, ಅದು ಇದ್ದದ್ದು ಕಂಪ್ಯೂಟರಿನೊಳಗೆ. ಆ ಐದು ತಿಂಗಳು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಸ್ಸಿನಲ್ಲಿ ಎದ್ದು ನಿಂತಿದ್ದು ಅದಕ್ಕೇ.

ನನ್ನ ಕೆಲಸ ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಡಬ್ಬಿಗಳ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವುದು. ಬೆಳಗಿನ ಪಾಳಿ ಎರಡೂವರೆಗೆ ಮುಗಿದರೆ ಮೂರೂವರೆಗೆಲ್ಲ ನಾನು ಮದ್ದೂರಿನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಇರುತ್ತಿದ್ದೆ. ಅಲ್ಲಿ ನನ್ನದು ಬೇಸಾಯ. ಉಳುವುದು, ಬಿತ್ತುವುದು, ಟ್ರಾಕ್ಟರ್ ಓಡಿಸುವುದು, ಎಲ್ಲ ಆಟದಲ್ಲಿ. ಅವ್ವ ಕಾಫಿ ಲೋಟ ತಂದಿಟ್ಟು, "ಇರೋ ಕಬ್ಬ ಬುಟ್ಬುಟ್ಟು ಇಲ್ದಿರೋ ಕಬ್ಬ ಕಡೀತಾ ಕೂತವಳೆ, ನೋಡಿ" ಎಂದು ಗೋಡೆಗೆ ಹೇಳಿ ಹೋಗುತ್ತಿದ್ದಳು.

ಆಟ ಹೊರದೇಶದವರು ಮಾಡಿದ್ದು. ಅದರಲ್ಲಿ ಕಬ್ಬು ಕಡಿಯಲು ಮನೆಯಷ್ಟು ದೊಡ್ಡ ಯಂತ್ರ ಬರುತ್ತದೆ. ನಮ್ಮ ಮಂಡ್ಯದ ಗದ್ದೆಗೆ ಅದು ಇಳಿದರೆ ಬದು, ನಾಲೆ, ಪಕ್ಕದವರ ತೆಂಗಿನ ಸಸಿ ಎಲ್ಲ ಒಟ್ಟಿಗೇ ಕೊಯ್ದುಕೊಂಡು ಹೋದೀತು. ಹಾಗಾಗಿ ನಮ್ಮ ಕಡೆಯ ಟ್ರಾಕ್ಟರು, ಜೋಡಿ ಟ್ರೈಲರು, ನಾಲೆಯ ತೂಬು ಇವನ್ನೆಲ್ಲ ನಾವೇ ಮಾಡಿ ಆಟಕ್ಕೆ ಸೇರಿಸಬೇಕೆಂದು ಹಟ ಹಿಡಿದವರದ್ದೊಂದು ಜಾಗ ಇತ್ತು. ಅದರ ಹೆಸರು 'ಗದ್ದೆಬಯಲು'. ಅದೊಂದು ಫೋರಂ. ಫೋರಂ ಎಂದರೇನೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಒಬ್ಬರು ಒಂದು ಪ್ರಶ್ನೆ ಬರೆಯುತ್ತಾರೆ, ಉತ್ತರಗಳು ಅದರ ಕೆಳಗೆ ಒಂದೊಂದಾಗಿ ಬಂದು ಕೂರುತ್ತವೆ. ಕೂತದ್ದು ಅಲ್ಲೇ ಇರುತ್ತದೆ. ಟ್ರಾಕ್ಟರ್ ಹಿಂದಕ್ಕೆ ತೆಗೆಯುವಾಗ ಟ್ರೈಲರ್ ಮಡಚಿಕೊಳ್ಳುತ್ತದೆ, ಏನು ಮಾಡಲಿ ಎಂದು ಏಳು ವರ್ಷದ ಹಿಂದೆ ಯಾರೋ ಕೇಳಿದ್ದಕ್ಕೆ ಸಿಕ್ಕ ಉತ್ತರ ಇವತ್ತು ನಿಮಗೂ ಸಿಗುತ್ತದೆ.

ಗದ್ದೆಬಯಲನ್ನು ತೆರೆದವರು ಮಳವಳ್ಳಿಯ ಡ್ರಾಯಿಂಗ್ ಮೇಷ್ಟ್ರು ಶಿವಲಿಂಗಯ್ಯನವರು. ತೆರೆದ ದಿನ ಅವರು ಬರೆದ ಮೊದಲ ಸಾಲು "ಯಾರಾದರೂ ಇದ್ದೀರಾ?" ಹತ್ತೊಂಬತ್ತು ದಿನ ಅದಕ್ಕೆ ಯಾರೂ ಓ ಎನ್ನಲಿಲ್ಲವಂತೆ. ಇಪ್ಪತ್ತನೇ ದಿನ ಏನೋ ಹುಡುಕುತ್ತಾ ಹೋದ ನಾನು ಅಲ್ಲಿ ಎಡವಿ, "ಇದ್ದೀನಿ ಸಾರ್" ಎಂದು ಬರೆದೆ. ಅಲ್ಲಿಂದ ನಮ್ಮ ನಂಟು. ಆಮೇಲೆ ಜನ ಬಂದರು, ಜಾತ್ರೆಯಷ್ಟು ಬಂದರು. ಮೇಷ್ಟ್ರು ಮೂರು ಕಟ್ಟಳೆ ಮಾಡಿದ್ದರು. ಕೇಳುವ ಮೊದಲು ಹಳೆಯದನ್ನು ಹುಡುಕಬೇಕು. ತೊಂದರೆ ಬಗೆಹರಿದರೆ ಹೇಗೆ ಬಗೆಹರಿಯಿತೆಂದು ಬರೆದೇ ಹೋಗಬೇಕು. ಅರೆಬರೆ ಕೆಲಸ ಬಯಲಿನಿಂದ ಹೊರಗೆ ಹೋಗಬಾರದು. ಮೂರನೆಯದನ್ನು ಮುರಿದವಳು ನಾನು. ಅದನ್ನು ಮುಂದೆ ಹೇಳುತ್ತೇನೆ, ಈಗಲೇ ಹೇಳಿದರೆ ನನಗೆ ಬೇಜಾರು.

ನಾನು ಹೇಳುತ್ತಿರುವ ಸುಗ್ಗಿಯ ಹೊತ್ತಿಗೆ ಆ ಜಾತ್ರೆ ಕರಗಿತ್ತು. ಎಲ್ಲರೂ ಮೊಬೈಲಿನ ಗ್ರೂಪುಗಳಿಗೆ, ರೀಲ್ಸ್ ಪುಟಗಳಿಗೆ ಹೊರಟುಹೋಗಿದ್ದರು. ಅಂಥ ಪುಟಗಳ ರಾಜ ನಮ್ಮ ಚಿಕ್ಕಪ್ಪನ ಮಗ ಮಂಜ. ಮದ್ದೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ, ಆಟಗಳ ವಿಡಿಯೋ ಮಾಡಿ ಹಾಕುತ್ತಿದ್ದ. ಸಾವಿರಾರು ಜನ ಅವನನ್ನು ನೋಡುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ಅವನದ್ದು ಒಂದೇ ಮಾತು.

"ಸುದಕ್ಕ, ಆ ಫೋರಮ್ಮು ಸತ್ತೋಗಿ ಯಾವ ಕಾಲ ಆಯ್ತು. ಇನ್ನೂ ಎದ್ದು ಬತ್ತದೆ ಅಂತ ಕಾಯ್ತಾ ಕೂತಿದೀಯಲ್ಲ."

"ಉಸಿರಾಡ್ತಾ ಅದೆ, ಮುಚ್ಚು ಬಾಯಿ."

"ಎಷ್ಟು ಜನ ಅವ್ರೆ ಏಳು ನೋಡಾನ?"

ನಾನು ಹೇಳುತ್ತಿರಲಿಲ್ಲ. ನಿಜವಾಗಿ ಉಳಿದದ್ದು ಮೂರು ಜನ. ಮೇಷ್ಟ್ರು, ನಾನು, ಮತ್ತೆ 'ಪಂಪ್‌ಸೆಟ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬ ಮಹಾ ಸಿಡುಕ. ಪ್ರೋಗ್ರಾಂ ಬರೆಯುವುದರಲ್ಲಿ ನಿಸ್ಸೀಮ. ಯಾರೆಂದು ನಮಗೆ ಗೊತ್ತಿರಲಿಲ್ಲ, ಕಾಲೇಜು ಹುಡುಗ ಇರಬೇಕು ಎಂದುಕೊಂಡಿದ್ದೆ.

ದೀಪಾವಳಿ ಕಳೆದ ವಾರ ಮೇಷ್ಟ್ರು ಬರೆದರು: ಬಯಲಿಗೆ ಬೀಗ ಹಾಕುತ್ತಿದ್ದೇನೆ. ಓದಿದವಳೇ ಮರುದಿನ ಪಾಳಿ ಮುಗಿಸಿ ಮಳವಳ್ಳಿ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಮೇಷ್ಟ್ರು ಸಿಕ್ಕರು. ಬೆರಳ ತುದಿಯಲ್ಲಿ ಇನ್ನೂ ನೀಲಿ ಬಣ್ಣ ಹತ್ತಿಕೊಂಡಿತ್ತು.

"ಮೂರ್ ತಿಂಗ್ಳಿಂದ ನೋಡ್ತಾ ಇವ್ನಿ ಕಣಮ್ಮ" ಎಂದರು. "ನೀನು ಬರೀತೀಯ, ಪಂಪ್‌ಸೆಟ್ಟು ಬಯ್ತಾನೆ, ನಾನು ಸಮಾದಾನ ಏಳ್ತೀನಿ. ಇದ್ಕೊಂದು ಫೋರಂ ಬೇಕಾ? ಮೂರ್ ಜನ ಫೋನಲ್ಲೇ ಮಾತಾಡ್ಕಬೋದು."

ನಗು ಬಂತು, ಅದರ ಹಿಂದೆಯೇ ಅಳು ಬಂತು. ನಾನು ಏನೇನೋ ವಾದ ಮಾಡಿದೆ. ಕೊನೆಗೆ ಬಾಯಿಗೆ ಬಂದದ್ದು, "ಸಾರ್, ನಾವು ಆಲೆಮನೆ ಮಾಡಣ" ಎಂದು. ಅದು ಬಯಲಿನಲ್ಲಿ ಎಷ್ಟೋ ವರ್ಷದಿಂದ ಎಲ್ಲರೂ ಮಾಡಬೇಕೆಂದು ಆಡಿಕೊಂಡು, ಯಾರೂ ಕೈ ಹಚ್ಚದೆ ಬಿಟ್ಟಿದ್ದ ಕೆಲಸ. ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. ಅವರ ಕಣ್ಣು ಅರಳಿದ್ದು ನನಗೆ ಕಾಣಿಸಿತು, ಮುಚ್ಚಿಟ್ಟುಕೊಳ್ಳಲು ನೋಡಿದರು ಪಾಪ.

"ಯುಗಾದಿ ಒಳ್ಗೆ ಮುಗೀಬೇಕು" ಎಂದರು. "ಮುಗ್ದ ಮೇಲೆ ಒಬ್ನೇ ಒಬ್ಬ ಒಸಬ ಬಯಲಿಗೆ ಬಂದು ಒಂದು ಪ್ರಶ್ನೆ ಕೇಳ್ಲಿ. ಬಾಗ್ಲು ತೆಗ್ದೇ ಇಡ್ತೀನಿ. ಯಾರೂ ಬರ್ಲಿಲ್ಲ ಅಂದ್ರೆ ಯುಗಾದಿ ದಿನವೇ ಬೀಗ. ಆಮೇಲೆ ನನ್ನ ಕೇಳ್ಬಾರ್ದು."

ಒಪ್ಪಿಕೊಂಡೆ. ಹಿಂದಿರುಗುವ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಸೀಟಿದ್ದರೂ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ! ಚಳಿಗಾಲದ ಭಾನುವಾರಗಳು. ಬಸ್ಸಿನ ಕಿಟಕಿಯ ಮೇಲೆ ಮಂಜಿನ ನೀರು. ರಸ್ತೆಯಲ್ಲಿ ಕಬ್ಬು ಹೇರಿಕೊಂಡ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಬಸ್ಸು ತೆವಳುತ್ತಿದ್ದರೆ ನನಗೊಬ್ಬಳಿಗೇ ಖುಷಿ, ಟ್ರೈಲರು ಹೇಗೆ ತೊನೆಯುತ್ತದೆ ಎಂದು ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದೆ. ಕೆ.ಎಂ. ದೊಡ್ಡಿಯಿಂದಾಚೆ ರಸ್ತೆ ಪಕ್ಕದಲ್ಲೇ ಒಂದು ಆಲೆಮನೆ. ಅಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುತ್ತಿದ್ದವರು ಬೋರೇಗೌಡರು. ಅರವತ್ತು ದಾಟಿದ್ದರೂ ಒಲೆಯ ಶಾಖಕ್ಕೆ ಎದೆ ಕೊಟ್ಟು ನಿಲ್ಲುವ ಮನುಷ್ಯ. ಮೊದಲ ದಿನ ನಾನು ಯಾರು, ಯಾಕೆ ಬಂದೆ ಎಂದು ಹೇಳುವ ಮೊದಲೇ ಒಂದು ಲೋಟ ಕಬ್ಬಿನ ಹಾಲು ಕೈಗೆ ತುರುಕಿ, "ಕುಡಿ, ಆಮೇಲ್ ಮಾತಾಡು" ಎಂದಿದ್ದರು.

ನಾನು ನೋಟ್‌ಬುಕ್ ತೆಗೆದು, "ಗೌಡ್ರೆ, ಪಾಕ ಎಷ್ಟು ಡಿಗ್ರಿಗೆ ಬಂದಾಗ ಇಳಿಸ್ತೀರಾ?" ಎಂದೆ.

"ಡಿಗ್ರಿನಾ? ಅದು ಮಾಡ್ದೋರೆಲ್ಲ ಪ್ಯಾಟೆಗೋದ್ರಲ್ಲ ಕಣವ್ವ" ಎಂದು ಗೌಡರು ಸೌಟಿನಿಂದ ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಬಿಟ್ಟರು. ಬೆರಳಿನಲ್ಲಿ ಉರುಟಿ ಉಂಡೆ ಮಾಡಿ ನನ್ನ ಅಂಗೈಗಿಟ್ಟರು. "ಇಂಗಿರ್ಬೇಕು. ಬರ್ಕೊ ಇದ್ನ."

ಬೆರಳಿಗೆ ಗೊತ್ತಾಗುವುದನ್ನು ಬರೆದುಕೊಳ್ಳುವುದು ಹೇಗೆ? ಬಯಲಿನಲ್ಲಿ ಅದರ ಮೇಲೆಯೇ ಹದಿನೈದು ದಿನ ಚರ್ಚೆಯಾಯಿತು. ಕೊನೆಗೆ ಪಂಪ್‌ಸೆಟ್ ಒಂದು ಉಪಾಯ ಹೂಡಿದ. ಆಡುವವರು ಪಾಕವನ್ನು ನೀರಿಗೆ ಬಿಟ್ಟು ನೋಡಬೇಕು, ಉಂಡೆ ಕಟ್ಟಿದರೆ ಇಳಿಸಬೇಕು, ಒಂದು ಗಳಿಗೆ ತಡವಾದರೂ ಬೆಲ್ಲ ಕಪ್ಪು. ಮೊದಲ ಸಲ ಪರದೆಯ ಮೇಲೆ ಆ ಉಂಡೆ ಕಟ್ಟಿದ ದಿನ ನಾನು ಕಿರುಚಿದ್ದಕ್ಕೆ ಅವ್ವ ಹಿತ್ತಲಿನಿಂದ ಓಡಿಬಂದಳು, ಹಾವು ಬಂತೇನೋ ಎಂದು.

ಮೇಷ್ಟ್ರು ಹೊಗೆ ಬರೆದರು. ಬೆಳಗಿನ ಹೊಗೆಯೇ ಬೇರೆ, ಮಧ್ಯಾಹ್ನದ್ದೇ ಬೇರೆ ಎಂದು ಎರಡು ಭಾನುವಾರ ನನ್ನ ಜೊತೆ ಬಂದು ಬರೀ ಹೊಗೆ ನೋಡುತ್ತಾ ಕೂತರು. ಗಾಣದ ಸದ್ದು, ಒಲೆಗೆ ಕಬ್ಬಿನ ಒಣ ಸಿಪ್ಪೆ ನೂಕುವ ಸದ್ದು, ಕೆಂಪಗೆ ಕುದಿಯುವ ಕೊಪ್ಪರಿಗೆಯ ಗುಳುಗುಳು, ಮೇಲೆ ಬಂದ ಮಡ್ಡಿ ತೆಗೆಯುವುದು, ಕೊಳೆ ಬಿಡಿಸಲು ಬೆಂಡೆ ಗಿಡದ ಲೋಳೆ ಬಿಡುವುದು, ಅಚ್ಚಿಗೆ ಸುರಿಯುವುದು, ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿತ್ತು. ಏನನ್ನೂ ಬಿಟ್ಟಿಲ್ಲ ಎಂದುಕೊಂಡಿದ್ದೆ. ಶಿವರಾತ್ರಿ ಹೊತ್ತಿಗೆ ಗಾಣ ತಿರುಗಿತು, ಹಾಲು ಹರಿಯಿತು, ಬೆಲ್ಲ ಬಂತು. ಹಾಲು ತುಂಬುವ ತೊಟ್ಟಿಯ ಲೆಕ್ಕ ಮಾತ್ರ ಬಾಕಿ ಇತ್ತು, ಪಂಪ್‌ಸೆಟ್ ಅದನ್ನು ಕೊನೆಗೆ ನೋಡೋಣ ಎಂದಿದ್ದ.

ಅಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಮಂಜನ ಅಂಗಡಿಗೆ ಹೋಗಿ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವನು ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಸುದಕ್ಕ, ಇದ್ನ ಇಟ್ಕಂಡು ಮೂರ್ ಜನಕ್ಕೆ ತೋರ್ಸ್ತಿದೀರಾ? ಫೈಲ್ ಕೊಡಿಲ್ಲಿ. ಒಂದ್ ವಿಡಿಯೋ ಮಾಡ್ತೀನಿ. ಒಸಬ ಒಬ್ಬ ಬರ್ಬೇಕು ಅಂದ್ರಂತಲ್ಲ ಮೇಷ್ಟ್ರು? ಸಾವ್ರ ಜನ ಬತ್ತಾರೆ."

"ಇನ್ನೂ ಮುಗ್ದಿಲ್ಲ ಕಣ್ಲಾ."

"ತೋರ್ಸಕ್ಕೆ ಮಾತ್ರ."

"ತೋರ್ಸು. ಯಾರ್ಗೂ ಕೊಡ್ಬ್ಯಾಡ."

"ನನ್ನಾಣೆ."

ಕೊಟ್ಟೆ. ಮೇಷ್ಟ್ರಿಗೆ ಹೇಳಲಿಲ್ಲ. ಮೇಷ್ಟ್ರ ಮೂರನೇ ಕಟ್ಟಳೆ ಆ ಕ್ಷಣದಲ್ಲಿ ನೆನಪಿತ್ತೇ ಎಂದು ಕೇಳಿದರೆ, ಇತ್ತು. ನೆನಪಿದ್ದೂ ಕೊಟ್ಟೆ.

ವಿಡಿಯೋ ಮಂಗಳವಾರ ಬಂತು. ಬುಧವಾರ ನಾನು ಕಾರ್ಖಾನೆಯಲ್ಲಿ ಟೀಗೆ ಬಿಟ್ಟಾಗ ನಮ್ಮ ಸೂಪರ್‌ವೈಸರೇ ಅದನ್ನು ನೋಡುತ್ತಾ ಕೂತಿದ್ದರು! ಲಕ್ಷಗಟ್ಟಲೆ ಜನ ನೋಡಿದ್ದರು. ಬೆಳಗಾವಿಯವರು, ಕೊಲ್ಲಾಪುರದವರು, ಎಲ್ಲೋ ದೂರದ ಕಬ್ಬಿನ ಊರಿನವರು. "ನಮ್ಮಜ್ಜನ ಮನೆ ನೆನಪಾಯ್ತು", "ಕಣ್ಣಲ್ಲಿ ನೀರು ಬಂತು". ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮುಚ್ಚಳ ಇಲ್ಲದ ಎರಡು ಡಬ್ಬಿಗಳನ್ನು ಸರಿಯಾಗಿದೆ ಎಂದು ಮುಂದಕ್ಕೆ ಬಿಟ್ಟೆ.

ಗುರುವಾರ ಆ ವಿಡಿಯೋದ ಕೆಳಗೆ ಬೇರೆ ಥರದ ಮಾತುಗಳು ಕಾಣಿಸಿಕೊಂಡವು. ಎಲ್ಲರೂ ಲಿಂಕ್ ಕೊಡಿ, ಲಿಂಕ್ ಕೊಡಿ ಎಂದು ಪೀಡಿಸಿದ್ದಕ್ಕೆ ಮಂಜ ಫೈಲನ್ನೂ ಹಾಕಿಬಿಟ್ಟಿದ್ದ. ಜನ ಅದನ್ನು ತಮ್ಮ ತಮ್ಮ ಆಟಕ್ಕೆ ಸೇರಿಸಿದ್ದರು. ಒಂದು ದಿನ ಎಲ್ಲ ಚೆನ್ನಾಗಿತ್ತು. ಎರಡನೇ ದಿನ ತೊಟ್ಟಿಗೆ ಹಾಲು ತುಂಬಿ, ತುಂಬಿ, ನಿಲ್ಲುವ ಲೆಕ್ಕವೇ ಇಲ್ಲದೆ ಉಕ್ಕಿ, ಅವರು ವರ್ಷಗಟ್ಟಲೆ ಬೆಳೆಸಿ ಉಳಿಸಿಟ್ಟಿದ್ದ ಹೊಲವೇ ತೆರೆಯದಂತಾಗಿತ್ತು. ನಾನು ಯಾವಾಗಲೂ ಹತ್ತು ನಿಮಿಷ ಆಡಿ ಮುಚ್ಚುತ್ತಿದ್ದೆ, ನನಗೆ ಅದು ಕಂಡಿರಲೇ ಇಲ್ಲ.

ಬೈಗುಳದ ನಡುವೆ ಒಂದು ಸಾಲು ಇತ್ತು. ಗೀತಾ ಎಂಬ ಹೆಸರು. "ನಾನು ಮಳವಳ್ಳಿಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ದಿನಾ ಅರ್ಧ ಗಂಟೆಯಂತೆ ನಾಲ್ಕು ವರ್ಷ ಮಾಡಿದ ಹೊಲ. ನನಗೆ ಅಂತ ನಾನು ಮಾಡಿಕೊಂಡಿದ್ದು ಅದೊಂದೇ. ವಾಪಸ್ ಬರುತ್ತಾ?" ಅದರ ಕೆಳಗೆ ಯಾರೋ ನಗುವ ಮುಖ ಹಾಕಿದ್ದರು. ಮತ್ತೆ ನೋಡೋಣ ಎಂದು ಹುಡುಕಿದರೆ ಆ ಸಾಲು ಬೇಗ ಸಿಗಲಿಲ್ಲ, ಐನೂರು ಮಾತುಗಳ ಕೆಳಗೆ ಹೂತುಹೋಗಿತ್ತು. ಅದನ್ನು ಹುಡುಕಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು. ಸಿಕ್ಕಿದ ಮೇಲೆ ಬರೆದೆ: "ಇದು ನನ್ನ ತಪ್ಪು. ಗದ್ದೆಬಯಲಿಗೆ ಬನ್ನಿ, ನೋಡೋಣ."

ಮಂಜ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. "ವಿಡಿಯೋ ತೆಗ್ದಾಕ್ಬುಟ್ಟೆ ಕಣಕ್ಕ" ಎಂದ.

"ತೆಗ್ದಾಕಿದ್ರೆ ಅವರ ಹೊಲ ಬತ್ತದಾ?"

ಶುಕ್ರವಾರ ಬಯಲಿಗೆ ಹೋಗಿ, ನಾನು ಮಾಡಿದ್ದನ್ನು ಇದ್ದದ್ದು ಇದ್ದಹಾಗೆ ಬರೆದೆ. ಪಂಪ್‌ಸೆಟ್‌ನಿಂದ ಒಂದೇ ಪದ ಬಂತು, "ಭೇಷ್". ಅದರ ಅರ್ಥ ಎಲ್ಲರಿಗೂ ಗೊತ್ತು. ಮೇಷ್ಟ್ರಿಂದ ಏನೂ ಬರಲಿಲ್ಲ. ಮಲಗುವ ಹೊತ್ತಿನವರೆಗೂ ಬರಲಿಲ್ಲ. ಬೀಗ ಬಿತ್ತು ಅಂದುಕೊಂಡೆ, ಅದೂ ನನ್ನ ಕೈಯಿಂದಲೇ. ಅವ್ವ ಇಟ್ಟ ಉಪ್ಸಾರು ಮುದ್ದೆಯನ್ನು ಹಾಗೇ ಬಿಟ್ಟು, ಗಳಿಗೆಗೊಮ್ಮೆ ಬಯಲು ತೆರೆದು ನೋಡಿದೆ.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಫೋನು ತೆರೆದು ನೋಡಿದರೆ ಬಯಲಿನಲ್ಲಿ ಒಂದು ಹೊಸ ಸಾಲು. ಬರೆದವರು ಹೊಸಬರು, ಹೆಸರು 'ಎರಡೆಕರೆ', ಪರಿಚಯದಲ್ಲಿ 'ನರ್ಸ್, ಮಳವಳ್ಳಿ'.

"ಯಾರಾದರೂ ಇದ್ದೀರಾ?"

ಕೆಳಗೆ ಮೇಷ್ಟ್ರ ಉತ್ತರ: "ಇದ್ದೀವಿ ತಾಯಿ. ನಿಮ್ಮ ಹೊಲದ ಫೈಲು ಕಳಿಸಿ."

ಗೀತಾ ಬಂದಿದ್ದರು. ಅವರ ಹಿಂದೆ, ವಿಡಿಯೋ ಹೋಗುವ ಮೊದಲು ನನ್ನ ಉತ್ತರ ಓದಿದ್ದ ಇನ್ನೊಬ್ಬರು, ಮತ್ತಿಬ್ಬರು. ಭಾನುವಾರದ ಹೊತ್ತಿಗೆ ನಲವತ್ತೊಂದು ಜನ. ಮೇಷ್ಟ್ರು ಶಾಲೆಯ ಹಾಜರಿಯಂತೆ ಪಟ್ಟಿ ಮಾಡಿ ಹಾಕಿದರು, ಯಾರ ಹೊಲ ಯಾರ ಪಾಲಿಗೆ ಎಂದು. ಉಳಿಸಿದ ಹೊಲ ಎಂದರೆ ಕೊನೆಗೆ ಉದ್ದನೆಯ ಒಂದು ಬರಹ ಅಷ್ಟೇ. ಅದರಲ್ಲಿ ತೊಟ್ಟಿಯ ಅಂಕಿ ಹುಚ್ಚೆದ್ದು ಬೆಳೆದಿರುತ್ತಿತ್ತು. ಅದನ್ನು ಹುಡುಕಿ, ಅಳಿಸಿ, ಅದು ತುಳಿದುಹಾಕಿದ್ದನ್ನೆಲ್ಲ ಹಳೆಯ ಪ್ರತಿಯಿಂದ ತಂದು ಕೂರಿಸಬೇಕು. ಹೇಗೆ ಎನ್ನುವುದು ಆರು ವರ್ಷದ ಹಿಂದೆ ಪಂಪ್‌ಸೆಟ್ ಬರೆದಿದ್ದ ಒಂದು ಉತ್ತರದಲ್ಲಿ ಇತ್ತು, ಹುಡುಕಿದ ತಕ್ಷಣ ಸಿಕ್ಕಿತು. ಆಹಾ, ಆ ವಾರ! ಬಿಟ್ಟುಹೋಗಿದ್ದ ಹಳಬರೂ ಸುದ್ದಿ ಕೇಳಿ ವಾಪಸ್ ಬಂದರು. "ನನಗೆರಡು ಹೊಲ ಕೊಡಿ", "ನನಗೆ ಮೂರು ಕೊಡಿ" ಎಂದು ನಾಟಿಗೆ ಆಳು ಬಂದಹಾಗೆ ಬಂದರು. ಬಗೆಹರಿದವರೆಲ್ಲ ಎರಡನೇ ಕಟ್ಟಳೆಯಂತೆ "ಸರಿಹೋಯಿತು, ಹೀಗೆ" ಎಂದು ಬರೆದರು. ಗೀತಾ ಬರೆದದ್ದು ನನಗೆ ಬಾಯಿಪಾಠ. "ಸರಿಹೋಯಿತು. ನನ್ನ ಬದುವಿನ ಮೇಲಿನ ನುಗ್ಗೆ ಮರವೂ ಇದೆ."

ಆದರೆ ಕಾಯಿಲೆಯ ಬೇರು ಇನ್ನೂ ಹಾಗೇ ಇತ್ತು. ಪಂಪ್‌ಸೆಟ್ ತೊಟ್ಟಿಗೆ ಮಿತಿ ಇಟ್ಟು ನೋಡಿದ. ತೊಟ್ಟಿ ತುಂಬಿದಾಗ ಗಾಣ ನಿಂತಿತು, ಗಾಣ ನಿಂತರೆ ಸಿಪ್ಪೆ ಇಲ್ಲದೆ ಒಲೆ ಆರಿತು, ಒಲೆ ಆರಿದರೆ ಪಾಕ ಕೊಪ್ಪರಿಗೆಗೇ ಅಂಟಿ ಕಲ್ಲಾಯಿತು. ಯುಗಾದಿಗೆ ಎಂಟು ದಿನ ಇತ್ತು. ಇನ್ನು ದಾರಿ ಕಾಣದೆ, ಬೋರೇಗೌಡರಿಗೇ ತೋರಿಸೋಣ ಎಂದು ಎಲ್ಲರೂ ಆಲೆಮನೆಯಲ್ಲಿ ಸೇರುವುದಾಯಿತು. ಪಂಪ್‌ಸೆಟ್ಟೂ ಬರುತ್ತೇನೆಂದ.

ಮಂಡ್ಯ ಕಡೆಯಿಂದ ಬಂದ ಬೈಕಿನಿಂದ ಇಳಿದವರು ಐವತ್ತರ ಸುಮಾರಿನ ಮನುಷ್ಯ, ಕೈಯಲ್ಲಿ ಊಟದ ಕ್ಯಾರಿಯರ್. ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಕಬ್ಬಿನ ತಾಕಿನಲ್ಲಿ ಕೆಲಸ. ನಮ್ಮ ಪಂಪ್‌ಸೆಟ್‌ನ ನಿಜವಾದ ಹೆಸರು ನಾಗರಾಜು. "ಮೂರನೇಗೇರ್ ನೀನೇನಾ? ಉಡುಗ ಅನ್ಕಂಡಿದ್ದೆ" ಎಂದರು ನನ್ನನ್ನು ನೋಡಿ. ಬಯಲಿನಲ್ಲಿ ನನ್ನ ಹೆಸರು ಅದೇ. ಆರು ವರ್ಷ ಏಕವಚನದಲ್ಲಿ ಜಗಳವಾಡಿದ್ದೆ, ನಾಚಿಕೆಯಿಂದ ಸತ್ತೆ. ಮಂಜನೂ ಬಂದು ದೂರದಲ್ಲಿ ನಿಂತಿದ್ದ. ಹತ್ತಿರ ಬರುವ ಧೈರ್ಯ ಇರಲಿಲ್ಲ.

ಗೌಡರು ಟವಲಿನಲ್ಲಿ ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕುಕ್ಕರಗಾಲಲ್ಲಿ ಕೂತರು. ಗಾಣ ನೋಡಿದರು. ಹೊಗೆ ನೋಡಿ ಮೇಷ್ಟ್ರ ಕಡೆ ತಲೆಯಾಡಿಸಿದರು. ತೊಟ್ಟಿ ತುಂಬುತ್ತಾ ಬಂತು. ಇನ್ನೇನು ಉಕ್ಕಬೇಕು.

"ಎಲ್ಲ ಚೆಂದಾಗದೆ" ಎಂದರು. "ಜನ ಎಲ್ಲವ್ರೆ?"

"ಯಾವ ಜನ ಗೌಡ್ರೆ? ಕೆಲ್ಸದೋರು ಅವ್ರಲ್ಲ, ನೋಡಿ."

"ಕೆಲ್ಸದೋರಲ್ಲ ಕಣವ್ವ. ಕಬ್ಬಿನಾಲು ಕುಡಿಯಾಕೆ ಬರೋರು. ದಾರೀಲಿ ಓಗೋರು, ನಿನ್ನಂಗೆ ಸುಮ್ಕೆ ಬಂದೋರು. ತೊಟ್ಟಿ ತುಂಬೋ ಒತ್ಗೆ ಯಾರಾದ್ರೂ ಬಂದೇ ಬತ್ತಾರೆ. ಬರ್ದೇ ಓದ್ರೆ ನಾವೇ ಕೂಗಿ ಕರೀತೀವಿ. ಬಂದೋರ್ಗೆ ಒಂದ್ ಲೋಟ ಕೊಡ್ದಿದ್ರೆ ಅದ್ಯಾವ ಆಲೆಮನೆ?"

ಪ್ರತಿ ಭಾನುವಾರ ಆ ಲೋಟ ಹಿಡಿದುಕೊಂಡೇ ನಾನು ನೋಟ್‌ಬುಕ್ ಬರೆದಿದ್ದೆ! ಮೇಷ್ಟ್ರು ಅದನ್ನು ಕುಡಿಯುತ್ತಲೇ ಹೊಗೆ ನೋಡಿದ್ದರು. ಕಬ್ಬಿನ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಬರೆದುಕೊಳ್ಳಬೇಕಾದ ಸಂಗತಿ ಎಂದೇ ಅನಿಸಿರಲಿಲ್ಲ. ಬೇರೆ ಸೀಮೆಯವರು ಮಾಡಿದ್ದರೆ ಮೊದಲ ಪುಟದಲ್ಲೇ ಅದನ್ನು ಬರೆಯುತ್ತಿದ್ದರು.

ನಾಗರಾಜು ಅಲ್ಲೇ ಸಿಪ್ಪೆಯ ರಾಶಿಗೆ ಒರಗಿ ಬರೆಯತೊಡಗಿದರು. ತೊಟ್ಟಿ ಮುಕ್ಕಾಲು ಆದಾಗ ದಾರಿಯಿಂದ ಒಬ್ಬರು ಬರುತ್ತಾರೆ, ಕುಡಿಯುತ್ತಾರೆ, ಹೋಗುತ್ತಾರೆ. ಮತ್ತೆ ತುಂಬುತ್ತಾ ಬಂದರೆ ಇನ್ನೊಬ್ಬರು. ಸಂಜೆ ನಾಲ್ಕಕ್ಕೆ ಓಡಿಸಿ ನೋಡಿದೆವು. ಆಟದೊಳಗೆ ಒಂದು ದಿನ ಕಳೆಯಿತು. ಎರಡು ದಿನ. ಐದು ದಿನ! ತೊಟ್ಟಿ ಉಕ್ಕಲಿಲ್ಲ, ಗಾಣ ನಿಲ್ಲಲಿಲ್ಲ. ಮೇಷ್ಟ್ರು ತಮ್ಮ ವಯಸ್ಸು ಮರೆತು ಕುಣಿದರು. ಅದೇ ಹೊತ್ತಿಗೆ ವರ್ಷದ ಮೊದಲ ಮಳೆಯ ನಾಲ್ಕು ಹನಿ ಬಿದ್ದು, ಒಣಹಾಕಿದ್ದ ಸಿಪ್ಪೆ ನೆನೆಯದಂತೆ ಎಳೆದು ಮುಚ್ಚಲು ನಾವೆಲ್ಲ ಓಡಿದೆವು. ಎಲ್ಲರಿಗಿಂತ ಮುಂದೆ ಓಡಿದವನು ಮಂಜ.

"ಬರೋರಿಗೆ ಎಸ್ರು ಬೇಕಲ್ಲ" ಎಂದರು ನಾಗರಾಜು, ಒದ್ದೆ ತಲೆ ಒರೆಸಿಕೊಳ್ಳುತ್ತಾ.

ಹೆಸರು ರೆಡಿ ಇದ್ದವು. ಹೊಲ ಕಳೆದುಕೊಂಡು ಬಯಲಿಗೆ ಬಂದಿದ್ದ ಆ ನಲವತ್ತೊಂದು ಜನರ ಹೆಸರನ್ನೇ ಇಟ್ಟೆವು. ಮೊದಲು ಬರುವವರು 'ಎರಡೆಕರೆ', ನೀಲಿ ಸೀರೆಯಲ್ಲಿ, ಕೈಯಲ್ಲಿ ಟಿಫಿನ್ ಬ್ಯಾಗು. ನಲವತ್ತೆರಡನೆಯವನೊಬ್ಬ ಇರಲಿ ಎಂದರು ಮೇಷ್ಟ್ರು. ಎಲ್ಲರೂ ಹೋದ ಮೇಲೆ ಬಂದು, ಎರಡು ಲೋಟ ಕುಡಿದು, ಬಾಯಿ ಒರೆಸಿಕೊಂಡು ಹೋಗುವ ಅವನ ಹೆಸರು 'ಮದ್ದೂರು ಮಂಜ'. ಮಂಜ ಪರದೆಗೆ ಮುಖ ಹತ್ತಿರ ತಂದು ಅದನ್ನು ಎರಡು ಸಲ ಓದಿದ. ಆಮೇಲೆ, "ಎರಡು ಲೋಟ ಯಾಕ್ ಸಾ?" ಎಂದ.

"ಲಕ್ಷ ಜನರ್ಗೆ ದಾರಿ ತೋರ್ಸಿದವನಲ್ವಾ ನೀನು" ಎಂದರು ಮೇಷ್ಟ್ರು. "ಬಾಯಾರಿರ್ತದೆ."

ಅದೂ ನಿಜವೇ. ಅವನ ವಿಡಿಯೋ ಇಲ್ಲದಿದ್ದರೆ ಆ ನಲವತ್ತೊಂದು ಜನ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಇವತ್ತಿಗೂ ಮಂಜನ ಜೊತೆ ಈ ವಿಷಯಕ್ಕೆ ಜಗಳವಾಡುತ್ತೇನೆ, ಆದರೆ ಇಷ್ಟನ್ನು ಒಪ್ಪಿಕೊಂಡೇ ಶುರು ಮಾಡುತ್ತೇನೆ. ಜನ ಅವನಲ್ಲಿಗೆ ಮೊದಲು ಬರುತ್ತಾರೆ. ಏನಾದರೂ ಕೆಟ್ಟಾಗ ನಮ್ಮಲ್ಲಿಗೆ ಬರುತ್ತಾರೆ. ಬಂದವರಲ್ಲಿ ಅರ್ಧ ಜನ ಉಳಿಯುತ್ತಾರೆ. ಯುಗಾದಿ ದಿನ ಮೇಷ್ಟ್ರು ಬಯಲಿನಲ್ಲಿ ಒಂದು ಚಿತ್ರ ಹಾಕಿದರು, ತಾವೇ ಬರೆದದ್ದು. ಒಂದು ಬಾಗಿಲು, ಪಕ್ಕದಲ್ಲಿ ಬೇವಿನ ಎಲೆ ಮತ್ತು ಬೆಲ್ಲದ ಅಚ್ಚು, ಬಾಗಿಲ ಚಿಲಕ ಕಿತ್ತು ಕೆಳಗೆ ಬಿದ್ದಿದೆ. ಬೇರೆ ಏನೂ ಬರೆದಿರಲಿಲ್ಲ.

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಬಸ್ಸು ಬೋರೇಗೌಡರ ಆಲೆಮನೆ ದಾಟಿ ಮುಂದಕ್ಕೆ ಹೋಗುತ್ತಿತ್ತು. "ಇಳೀತೀನಿ, ಇಳೀತೀನಿ!" ಎಂದು ಕೂಗಿದೆ. "ಮಳವಳ್ಳಿ ಟಿಕೆಟ್ ತಗಂಡಿದೀಯಲ್ಲಮ್ಮ" ಎಂದು ಕಂಡಕ್ಟರ್ ಗೊಣಗಿದ. ಪಕ್ಕದ ಹೆಂಗಸು, "ಬೆಲ್ಲ ಕಂಡಿಲ್ವಂತೆ, ಬುಡಪ್ಪ ನೋಡ್ಕಳ್ಳಿ" ಎಂದು ನನ್ನ ಪರ ವಾದಿಸಿದರು.

ಗೌಡರ ಕಣ್ಣು ಈಗ ಅಷ್ಟು ಕಾಣುವುದಿಲ್ಲ. ಹೊಗೆಯಲ್ಲಿ ನಿಂತಿದ್ದ ನನ್ನನ್ನು ಯಾರೆಂದು ಕೇಳಲೂ ಇಲ್ಲ. ಲೋಟ ಕೈಗೆ ಬಂತು. ಕಬ್ಬಿನ ತುಂಡಿನ ತುದಿಗೆ ಬಿಸಿ ಬೆಲ್ಲ ಸುತ್ತಿ ಕೊಟ್ಟರು. "ಕುಡಿ, ಆಮೇಲ್ ಮಾತಾಡು" ಎಂದರು.

ಬೆಲ್ಲ ಚೀಪುತ್ತಿರುವಾಗಲೇ ಫೋನು ಸದ್ದು ಮಾಡಿತು. ಬಯಲಿನಲ್ಲಿ ಯಾರೋ ಹೊಸಬರು. "ಬೆಲ್ಲ ಕಪ್ಪಾಗ್ತಾ ಇದೆ. ಯಾರಾದರೂ ಇದ್ದೀರಾ?" ಉತ್ತರ ಬರೆಯೋಣವೆಂದರೆ ಎರಡೂ ಕೈ ಅಂಟು ಅಂಟು. ಸೆರಗಿಗೆ ಒರೆಸಿಕೊಂಡು, ನೀರಿಗೆ ಕೈಯದ್ದಿ ತೊಳೆದು ಮತ್ತೆ ನೋಡುವಷ್ಟರಲ್ಲಿ ಆಗಲೇ ಯಾರೋ ಉತ್ತರ ಬರೆದಿದ್ದರು. ಹೆಸರು ನೋಡಿದೆ. ಮದ್ದೂರು ಮಂಜ.

"ಇದ್ದೀವಿ, ಬನ್ನಿ. ಮೊದ್ಲು ಹಳೇದನ್ನ ಹುಡುಕಿದ್ರಾ?"